ದಾದಿಯ ರಾಜೀನಾಮೆ ಪತ್ರಕ್ಕೆ ಮುನ್ನ

(ಬೈಲಕುಪ್ಪೆಯಲ್ಲಿ ನಡೆದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯವನ್ನು ಆರಿಸಿದವರು ಮಹಿಳೆಯರು ಎಂದು ಸಂಘಟಕರು ತಿಳಿಸಿದರು. ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ವರದಕ್ಷಿಣೆ, ಮದುವೆಯ ದುಂದುವೆಚ್ಚ, ಯುವಕರ ದುಶ್ಚಟ ಮುಂತಾದವು ಚರ್ಚೆಗೆ ಬರುತ್ತವೆ. ಆಸ್ಪತ್ರೆಯ ದಾದಿಯರು ಕೆಲಸ ಬಿಡುವ ಯೋಚನೆಯನ್ನೇಕೆ ಮಾಡುತ್ತಾರೆ ಎಂಬುದು ಇಂಥ ವೇದಿಕೆಗೆ ಹೊಸತು. ಆದರೆ ವಿಷಯ ಹೊಸದಾದರೂ ನಮ್ಮ ಮನೆಗಳಿಗೆ ಹೊಸದಲ್ಲ. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ತಾಯಂದಿರ ಹೆಣ್ಣುಮಕ್ಕಳು ನರ್ಸಿಂಗ್ ಕಲಿತಿದ್ದಾರೆ ಅಥವಾ ಕಲಿಯುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದ ಮಗಳು ಊಟವನ್ನೂ ಮಾಡದೆ ಮಲಗಿ, ಎದ್ದ ಮೇಲೆ 'ಇನ್ನು ನನ್ನಿಂದಾಗದು' ಎಂದರೆ ಏನು ಉತ್ತರಿಸಬೇಕೆಂದು ತಿಳಿಯದ ತಾಯಂದಿರೂ ಇಲ್ಲಿರಬಹುದು. ನಮ್ಮ ಮಾತು ಮುಖ್ಯವಾಗಿ ಅವರಿಗಾಗಿ.

ಬೈಲಕುಪ್ಪೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರ. ರಜಾದಿನಗಳಲ್ಲಿ ಇಲ್ಲಿ ವಾಹನ ನಿಲ್ಲಿಸಲು ಜಾಗವಿರುವುದಿಲ್ಲ. ಆದರೆ ಈ ಊರಿನವರಾದ ತಮಗೆ ಟಿಬೆಟಿಯನ್ನರ ಇನ್ನೊಂದು ಮುಖವೂ ಗೊತ್ತಿದೆ. 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು, ಕಾಡು ಸವರಿ, ಜೋಳ ಬೆಳೆದು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿ ಬದುಕು ಕಟ್ಟಿಕೊಂಡವರು ಅವರು. ಅವರ ಕ್ಯಾಂಪುಗಳ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಆರಿಸಿಕೊಂಡ ವೃತ್ತಿಗಳಲ್ಲಿ ದಾದಿ ವೃತ್ತಿ ಪ್ರಮುಖವಾದುದು. ಇದಕ್ಕೆ ಕಾರಣವೂ ಇದೆ. ನೆಲೆ ಕಳೆದುಕೊಂಡ ಜನರು ಹೊಲವನ್ನು ಹೊತ್ತೊಯ್ಯಲಾರರು, ಕಲಿತ ವೃತ್ತಿಯನ್ನು ಹೊತ್ತೊಯ್ಯಬಲ್ಲರು. ಬೆಂಗಳೂರು, ದೆಹಲಿಯ ಆಸ್ಪತ್ರೆಗಳಿಂದ ಹಿಡಿದು ಅಮೆರಿಕ, ಕೆನಡಾ, ಯುರೋಪಿನವರೆಗೆ ಟಿಬೆಟಿಯನ್ ದಾದಿಯರು ದುಡಿಯುತ್ತಿದ್ದಾರೆ. ಇದರ ಇನ್ನೊಂದು ಬದಿಯೂ ಇದೆ. ಹೀಗೆ ಹೋದವರು ಬಹುತೇಕ ಹಿಂದಿರುಗುವುದಿಲ್ಲ. ಇಲ್ಲಿಯೇ ಅವರ ತ್ಸೋಜೆ ಖಂಗ್ಸರ್ ಆಸ್ಪತ್ರೆಯಿದೆ. ಅತ್ತ ಹೆಗ್ಗಡದೇವನಕೋಟೆಯ ಕಡೆಗೆ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಆಸ್ಪತ್ರೆಯಿದೆ. ತಾಲೂಕುಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ, ಚಿಕ್ಕಪುಟ್ಟ ನರ್ಸಿಂಗ್ ಹೋಮುಗಳಿವೆ. ಸಣ್ಣ ಊರಿನ ಆಸ್ಪತ್ರೆಗಳ ಸಾಮಾನ್ಯ ಪಾಡು ಏನೆಂದರೆ, ಹೊಸದಾಗಿ ಪಾಸಾದ ಹುಡುಗಿ ಅಲ್ಲಿ ಕೈಪಳಗಿಸಿಕೊಳ್ಳುತ್ತಾಳೆ. ಅನುಭವ ಪ್ರಮಾಣಪತ್ರ ಸಿಕ್ಕಿದ ಮೇಲೆ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಕೊಲ್ಲಿಗೆ ಹೊರಡುತ್ತಾಳೆ. ಇಲ್ಲಿನ ವಾರ್ಡಿಗೆ ಮತ್ತೊಬ್ಬ ಹೊಸಬಳು ಬರುತ್ತಾಳೆ. ಕೈಪಳಗಿದವರು ಎಂದೂ ನಮ್ಮ ಪಾಲಿಗೆ ಉಳಿಯುವುದಿಲ್ಲ.

ಇದನ್ನು ಕಂಡು ಕೆಲವರು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ಈಗಿನ ಹುಡುಗಿಯರಿಗೆ ಸೇವಾ ಮನೋಭಾವವಿಲ್ಲವಂತೆ. ಎಲ್ಲರಿಗೂ ದಿರ್ಹಮ್, ರಿಯಾಲುಗಳ ಆಸೆಯಂತೆ. ಅಷ್ಟಕ್ಕೂ ಹೆಚ್ಚು ಸಂಬಳವಿರುವೆಡೆಗೆ ಹೋಗುವುದು ಅಪರಾಧವೇ? ವೈದ್ಯರು ಹೋದರೆ ಪ್ರತಿಭೆ, ಎಂಜಿನಿಯರು ಹೋದರೆ ಸಾಧನೆ, ದಾದಿ ಹೋದರೆ ಮಾತ್ರ ದುರಾಸೆಯೇ? ಈ ತೀರ್ಪು ನೀಡುವವರು ಒಂದು ರಾತ್ರಿ ವಾರ್ಡಿನಲ್ಲಿ ಕುಳಿತು ಒಂದು ಸಣ್ಣ ಲೆಕ್ಕ ಮಾಡಲಿ ಎಂಬುದು ನಮ್ಮ ಕೋರಿಕೆ.

ಲೆಕ್ಕ ಹೀಗಿದೆ. ನಮ್ಮಲ್ಲಿ ರಾತ್ರಿ ಪಾಳಿ ಸಾಮಾನ್ಯವಾಗಿ ಎಂಟರಿಂದ ಎಂಟರವರೆಗೆ, ಅಂದರೆ 12 ಗಂಟೆ, 720 ನಿಮಿಷ. ಒಬ್ಬ ದಾದಿಗೆ 30 ರೋಗಿಗಳಿದ್ದರೆ ಒಬ್ಬ ರೋಗಿಗೆ ಇಡೀ ರಾತ್ರಿಯಲ್ಲಿ ಸಿಗುವುದು 24 ನಿಮಿಷ. ಆ 24 ನಿಮಿಷಗಳಲ್ಲಿ ಪಾಳಿ ಬದಲಾಗುವಾಗ ಹಿಂದಿನವರಿಂದ ವಿವರ ಪಡೆಯಬೇಕು, ಜ್ವರ, ನಾಡಿ, ಉಸಿರಾಟ, ರಕ್ತದೊತ್ತಡ ನೋಡಿ ಬರೆಯಬೇಕು, ಮಾತ್ರೆ, ಇಂಜೆಕ್ಷನ್ ಕೊಡಬೇಕು, ಮುಗಿಯುತ್ತಿರುವ ಡ್ರಿಪ್ ಬದಲಿಸಬೇಕು, ಮೂತ್ರದ ಚೀಲದ ಅಳತೆ ಬರೆಯಬೇಕು, ಎದ್ದು ಕೂರಲಾಗದವರನ್ನು ಮಗ್ಗುಲು ಹೊರಳಿಸಬೇಕು, ಕೇಸ್ ಶೀಟ್ ತುಂಬಬೇಕು. ನಡುವೆ ಇಬ್ಬರು ಹೊಸ ರೋಗಿಗಳು ದಾಖಲಾಗುತ್ತಾರೆ. ಒಬ್ಬರಿಗೆ ಎದೆನೋವು ಶುರುವಾಗುತ್ತದೆ. ಅವರ ಬಳಿ ಅವಳು ಮುಕ್ಕಾಲು ಗಂಟೆ ನಿಂತರೆ, ಅದು ಉಳಿದ 29 ಮಂದಿಯ ಪಾಲಿನಿಂದ ಕಳೆದ ಸಮಯ. ಇದಲ್ಲದೆ ಲ್ಯಾಬಿನ ವರದಿ ತರುವುದು, ಬಿಲ್ಲಿನ ವಿವರ ಬರೆಯುವುದು, ವಿಮೆಯ ಕಾಗದ ಸರಿಪಡಿಸುವುದು, ಔಷಧಿ ಅಂಗಡಿಗೆ ಫೋನು ಮಾಡುವುದು ಮುಂತಾದ ಕೆಲಸಗಳೂ ಅವಳ ತಲೆಗೇ ಕಟ್ಟಲ್ಪಟ್ಟಿರುತ್ತವೆ. ಇವು ಅವಳು ಕಲಿತ ವಿದ್ಯೆಯೂ ಅಲ್ಲ, ಅವಳ ಕರ್ತವ್ಯವೂ ಅಲ್ಲ. ಬೇರೆ ನೌಕರರನ್ನು ನೇಮಿಸದೆ ಉಳಿಸಿದ ಹಣದ ಭಾರ ಅದು.

ಭಾರತೀಯ ನರ್ಸಿಂಗ್ ಕೌನ್ಸಿಲ್ ಬಹಳ ಹಿಂದೆಯೇ ಮಾನದಂಡವೊಂದನ್ನು ಹೇಳಿತ್ತು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ, ಇತರ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬಳು. ಐವರಾದರೆ ಅದೇ ರಾತ್ರಿಯಲ್ಲಿ ಒಬ್ಬ ರೋಗಿಗೆ 144 ನಿಮಿಷ ದೊರೆಯುತ್ತದೆ. 24 ಎಲ್ಲಿ, 144 ಎಲ್ಲಿ? ಮಾನದಂಡ ಕಾಗದದಲ್ಲಿದೆ. ವಾರ್ಡಿನಲ್ಲಿ ಇರುವುದೆಷ್ಟೆಂದು ಮುಂದಿನ ಬಾರಿ ತಾವು ರೋಗಿಯನ್ನು ನೋಡಲು ಹೋದಾಗ ಎಣಿಸಿ ನೋಡಿ. ಹಣ್ಣಿನ ಚೀಲ ಕೈಯಲ್ಲಿ ಹಿಡಿದುಕೊಂಡೇ ಎಣಿಸಬಹುದಾದ ಲೆಕ್ಕವಿದು.

ಈ ಸಂಖ್ಯೆ ದಾದಿಯ ಆರಾಮದ ಪ್ರಶ್ನೆ ಎಂದು ಯಾರಾದರೂ ಭಾವಿಸಿದ್ದರೆ, 2002ರಲ್ಲಿ ಅಮೆರಿಕದ ಲಿಂಡಾ ಐಕೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಅವರು ಪರಿಶೀಲಿಸಿದರು. ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ರೋಗಿಯು 30 ದಿನಗಳೊಳಗೆ ಮರಣ ಹೊಂದುವ ಸಂಭವ ಶೇ. 7ರಷ್ಟು ಏರುತ್ತಿತ್ತು. ದಾದಿ ದಣಿದು ಬಸವಳಿಯುವ ಸಂಭವ ಶೇ. 23ರಷ್ಟು, ಕೆಲಸದ ಬಗ್ಗೆ ಅತೃಪ್ತಿಯ ಸಂಭವ ಶೇ. 15ರಷ್ಟು ಏರುತ್ತಿತ್ತು. ಅಂದರೆ ದಾದಿ ಕೆಲಸ ಬಿಡಲು ಯೋಚಿಸುವ ಕಾರಣ ಮತ್ತು ರೋಗಿ ಸಾಯುವ ಕಾರಣ ಎರಡೂ ಒಂದೇ ಬೇರಿನಿಂದ ಹುಟ್ಟುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಈ ಕುರಿತು ಕಾನೂನು ಮಾಡಿ, 2004ರಿಂದ ಅದನ್ನು ಜಾರಿಗೆ ತಂದಿತು. ಅಲ್ಲಿ ಸಾಮಾನ್ಯ ವಾರ್ಡಿನ ದಾದಿಗೆ ಐವರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ತೀವ್ರ ನಿಗಾ ಘಟಕದಲ್ಲಿ ಇಬ್ಬರಿಗಿಂತ ಹೆಚ್ಚು ವಹಿಸುವಂತಿಲ್ಲ.

ಇನ್ನು ಸಂಬಳದ ಮಾತು. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ದಾದಿಯರ ವೇತನ ಮತ್ತು ಸೇವಾ ಸ್ಥಿತಿಯ ಬಗ್ಗೆ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಭಾರತೀಯ ತರಬೇತಿ ಪಡೆದ ದಾದಿಯರ ಸಂಘ ಹೂಡಿದ್ದ ದಾವೆಯದು. ಸಮಿತಿಯ ಶಿಫಾರಸು ಸ್ಪಷ್ಟವಾಗಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಸರಕಾರಿ ದಾದಿಯ ಸಮಾನ ವೇತನ ಕೊಡಬೇಕು. 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಕಡಿಮೆಯಾಗಬಾರದು. 50ರಿಂದ 100 ಹಾಸಿಗೆಗಳಿದ್ದರೆ ಶೇ. 25ಕ್ಕಿಂತ ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಗಳ ಚಿಕ್ಕ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು. ಶಿಫಾರಸು ರಾಜ್ಯಗಳಿಗೆ ತಲುಪಿತು. ರಾಜ್ಯಗಳ ಕಪಾಟಿನಲ್ಲಿ ಅದರ ಗತಿ ಏನಾಯಿತೆಂದು ನಮ್ಮ ಪಟ್ಟಣದ ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ಹುಡುಗಿಯರನ್ನು ಕೇಳಿದರೆ ತಿಳಿಯುತ್ತದೆ. ಇಪ್ಪತ್ತು ಸಾವಿರವೆಂದರೆ ನಗುವವರು ಅವರಲ್ಲಿ ಬಹಳ ಮಂದಿ.

ನೆರೆಯ ಕೇರಳದಲ್ಲಿ ಮಾತ್ರ ಬೇರೆಯೇ ಕಥೆ. ಅಲ್ಲಿ 2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಶನ್ ಹುಟ್ಟಿಕೊಂಡಿತು. ಅಲ್ಪ ಸಂಬಳ, ಬಾಂಡ್ ಪದ್ಧತಿ ಮತ್ತು ಮಿತಿಯಿಲ್ಲದ ಪಾಳಿಗಳ ವಿರುದ್ಧ ದಾದಿಯರು ಬೀದಿಗಿಳಿದರು. ಬಾಂಡ್ ಎಂದರೆ, ಇಂತಿಷ್ಟು ಕಾಲ ಇಲ್ಲಿಯೇ ದುಡಿಯುತ್ತೇನೆ, ನಡುವೆ ಬಿಟ್ಟರೆ ಇಂತಿಷ್ಟು ದಂಡ ತೆರುತ್ತೇನೆ ಎಂದು ಬರೆಸಿಕೊಂಡು, ಮೂಲ ಅಂಕಪಟ್ಟಿ ಹಾಗೂ ಪ್ರಮಾಣಪತ್ರಗಳನ್ನು ಆಡಳಿತದ ಬೀರುವಿನಲ್ಲಿ ಇರಿಸಿಕೊಳ್ಳುವುದು. ಸಾಲ ಮಾಡಿ ಓದಿದ ಹುಡುಗಿಯ ಕೊರಳಿಗೆ ಇದಕ್ಕಿಂತ ಬಿಗಿಯಾದ ಹಗ್ಗ ಬೇಕೇ? 2017ರಲ್ಲಿ ಮತ್ತೆ ಮುಷ್ಕರಗಳಾದವು. 2018ರ ಏಪ್ರಿಲಿನಲ್ಲಿ ಕೇರಳ ಸರಕಾರ ಖಾಸಗಿ ಆಸ್ಪತ್ರೆಗಳ ದಾದಿಯರ ಕನಿಷ್ಠ ಮೂಲವೇತನ 20,000 ರೂಪಾಯಿ ಎಂದು ಅಧಿಸೂಚನೆ ಹೊರಡಿಸಿತು. ಹೊರಟ ಆದೇಶಕ್ಕೂ ಕೈಗೆ ಸಿಗುವ ಸಂಬಳಕ್ಕೂ ಅಂತರವಿದೆ ಎಂಬ ದೂರು ಅಲ್ಲಿಯೂ ಇದೆ. ಆದರೂ ಮೈಸೂರಿನಿಂದ ಕೆಲವೇ ಗಂಟೆಗಳ ದಾರಿಯ ವಯನಾಡಿನಲ್ಲಿ ದಾದಿಯೊಬ್ಬಳು ಈ ಅಂಕೆಯನ್ನು ಹಕ್ಕಾಗಿ ಉಚ್ಚರಿಸಬಲ್ಲಳು.

ಕರ್ನಾಟಕವು ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲೊಂದು. ದಾದಿಯರನ್ನು ತಯಾರಿಸುವುದರಲ್ಲಿ ನಮಗೆ ಕೊರತೆಯಿಲ್ಲ. ಉಳಿಸಿಕೊಳ್ಳುವುದರಲ್ಲಿ ಕೊರತೆಯಿದೆ. ಸರಕಾರಿ ಕೆಲಸವೇ ಸಿಕ್ಕಿತೆಂದು ಸಮಾಧಾನಪಡುವಂತೆಯೂ ಇಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ವರ್ಷಗಟ್ಟಲೆ ದುಡಿಯುವವರು ಅದೇ ವಾರ್ಡಿನಲ್ಲಿ ಅದೇ ಕೆಲಸಕ್ಕೆ ಖಾಯಂ ದಾದಿಗಿಂತ ಬಹಳ ಕಡಿಮೆ ಸಂಬಳ ಪಡೆಯುತ್ತಾರೆ. 2020ರ ಸೆಪ್ಟೆಂಬರಿನಲ್ಲಿ, ಕೊರೋನಾದ ನಡುವೆಯೇ, ಅವರು ಮುಷ್ಕರ ಹೂಡಿದ್ದರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಖಾಯಮಾತಿಗಾಗಿ ಮತ್ತೆ ಧರಣಿ ಕುಳಿತರು.

ಕೊರೋನಾದ ಹೆಸರೆತ್ತಿದ ಮೇಲೆ ಎರಡು ದಿನಾಂಕಗಳನ್ನು ನೆನಪಿಸಬೇಕು. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂವಿನ ಪಕಳೆಗಳನ್ನು ಸುರಿಸಿದವು. ಅದಕ್ಕೂ ಮೊದಲು ಮಾರ್ಚ್ 22ರಂದು ನಾವೆಲ್ಲ ಜಗಲಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆವು, ತಟ್ಟೆ ಬಾರಿಸಿದ್ದೆವು. ಹೂವು ಸುರಿದ ಎರಡೇ ವಾರಗಳಲ್ಲಿ, ಕೋಲ್ಕತಾದ ಖಾಸಗಿ ಆಸ್ಪತ್ರೆಗಳಲ್ಲಿದ್ದ ಮಣಿಪುರದ 185 ದಾದಿಯರು ಕೆಲಸ ಬಿಟ್ಟು ಊರಿಗೆ ಮರಳಿದರು. ಸಂಬಳದ ಕಡಿತ, ರಕ್ಷಣಾ ಸಾಮಗ್ರಿಯ ಕೊರತೆ, ಮನೆ ಖಾಲಿ ಮಾಡಿಸುವ ಒಡೆಯರು, ಬೀದಿಯಲ್ಲಿ ಮುಖ ನೋಡಿ ಅವಮಾನಿಸುವ ಜನರು ಎಂಬಿತ್ಯಾದಿ ಕಾರಣಗಳನ್ನು ಅವರು ಹೇಳಿದ್ದರು. ಆಕಾಶದಿಂದ ಹೂವು ಸುರಿಸಿದ ನಾಡು ಬಾಡಿಗೆಗೆ ಒಂದು ಕೋಣೆ ಕೊಡಲಿಲ್ಲ.

ಎರಡನೆಯ ದಿನಾಂಕ ಸರಿಯಾಗಿ ಒಂದು ವರ್ಷದ ಅನಂತರದ್ದು ಮತ್ತು ನಮಗೆ ಹತ್ತಿರದ್ದು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಮೃತಪಟ್ಟರು. 1997ರ ತನಕ ಮೈಸೂರು ಜಿಲ್ಲೆಯದೇ ಭಾಗವಾಗಿದ್ದ ಊರದು. ಸಿಲಿಂಡರು ಎಲ್ಲಿಂದ ಎಷ್ಟು ಬರಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರ ದಾದಿಗಿಲ್ಲ. ಆದರೆ ಉಸಿರಿಗಾಗಿ ಚಡಪಡಿಸುವವರ ಮಂಚದ ಬಳಿ ಅಂಥ ರಾತ್ರಿಗಳಲ್ಲಿ ನಿಲ್ಲಬೇಕಾದವಳು ಅವಳೇ. ಬಂಧುಗಳ ಕಣ್ಣಿಗೆ ಬೀಳುವವಳೂ ಅವಳೇ. ಏನು ಮಾಡಬೇಕೆಂಬುದು ಗೊತ್ತಿದೆ, ಮಾಡಲು ಸಾಧನವಿಲ್ಲ.

ಈ ಸ್ಥಿತಿಗೆ ಆಂಡ್ರ್ಯೂ ಜೇಮ್‌ಟನ್ ಎಂಬ ತತ್ವಶಾಸ್ತ್ರಜ್ಞ 1984ರಲ್ಲಿ ಒಂದು ಹೆಸರು ಕೊಟ್ಟ. ಕನ್ನಡದಲ್ಲಿ ಅದನ್ನು 'ನೈತಿಕ ಸಂಕಟ' ಎನ್ನಬಹುದು. ಸರಿಯಾದುದು ಯಾವುದೆಂದು ತಿಳಿದಿದ್ದೂ ವ್ಯವಸ್ಥೆಯ ಕಾರಣದಿಂದ ಅದನ್ನು ಮಾಡಲಾಗದವರ ಸಂಕಟವದು. ದಾದಿಯರನ್ನು ಗಮನದಲ್ಲಿಟ್ಟುಕೊಂಡೇ ಆತ ಈ ಪದವನ್ನು ಬಳಸಿದ್ದ. ನಮ್ಮ ದೃಷ್ಟಿಯಲ್ಲಿ ದಾದಿಯರು ಕೆಲಸ ಬಿಡುವ ಯೋಚನೆಯ ಮೂಲವಿರುವುದು ಇಲ್ಲಿಯೇ. ದಣಿವನ್ನು ನಿದ್ದೆ ಕಳೆಯುತ್ತದೆ. ಕಡಿಮೆ ಸಂಬಳವನ್ನೂ ಮನುಷ್ಯ ಕೆಲಕಾಲ ಸಹಿಸುತ್ತಾನೆ. ಆದರೆ ಹೊರಳಿಸಬೇಕಾಗಿದ್ದ ರೋಗಿಯನ್ನು ಹೊರಳಿಸಲಾಗದೆ ಬೆನ್ನಿನಲ್ಲಿ ಹುಣ್ಣಾದುದನ್ನು ಬೆಳಿಗ್ಗೆ ನೋಡುವುದು, ಕೈಹಿಡಿದು ಕೂರಬೇಕಾಗಿದ್ದ ಮುದುಕಿ ತಾನು ಇನ್ನೊಂದು ಮಂಚದ ಬಳಿ ಇದ್ದಾಗ ತೀರಿಕೊಂಡುದನ್ನು ಚೀಟಿಯಲ್ಲಿ ಬರೆಯುವುದು, ಇವು ನಿದ್ದೆಯಿಂದ ಹೋಗುವಂಥವಲ್ಲ. ಸೇವಾ ಮನೋಭಾವ ಇಲ್ಲದವಳಿಗೆ ಇದಾವುದೂ ಬಾಧಿಸದು. ಅಂಥವಳು ನಿಶ್ಚಿಂತೆಯಿಂದ ಇದ್ದಲ್ಲೇ ನಿವೃತ್ತಿಯವರೆಗೆ ಉಳಿಯಬಲ್ಲಳು. ಮನಸ್ಸುಳ್ಳವಳೇ ಮೊದಲು ಬಿಡುತ್ತಾಳೆ. ಸೇವಾ ಮನೋಭಾವದ ಕೊರತೆ ಎಂದು ಆಕ್ಷೇಪಿಸುವವರು ವಸ್ತುಸ್ಥಿತಿಯನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ಸುರಕ್ಷತೆಯ ವಿಷಯವನ್ನೂ ಹೇಳದೆ ದಾಟುವಂತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನುಭಾಗ್ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅವರ ಮೇಲೆ ಅತ್ಯಾಚಾರವೆಸಗಿದ. ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ಮೃತಪಡುವ ತನಕ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಪರಾಧಿಗೆ ಹಲ್ಲೆ ಮತ್ತು ದರೋಡೆಗಾಗಿ ಏಳು ವರ್ಷ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ. ಅರುಣಾರನ್ನು ಅಷ್ಟು ವರ್ಷ ಮೀಯಿಸಿ, ಉಣಿಸಿ, ನೋಡಿಕೊಂಡವರು ಒಂದು ತಲೆಮಾರಿನ ಅನಂತರ ಇನ್ನೊಂದು ತಲೆಮಾರಿನ ದಾದಿಯರು. ಹಾಸಿಗೆ ತೆರವುಗೊಳಿಸಲು ಪಾಲಿಕೆ ಯತ್ನಿಸಿದಾಗ ಪ್ರತಿಭಟಿಸಿ ತಡೆದವರೂ ಅವರೇ. ಘಟನೆಯ ಬೆನ್ನಿಗೆ ಮುಂಬೈಯ ದಾದಿಯರು ತಮಗೆ ಸುರಕ್ಷಿತ ಕೆಲಸದ ಸ್ಥಿತಿ ಬೇಕೆಂದು ಮುಷ್ಕರವನ್ನೂ ಹೂಡಿದ್ದರು.

ಅರ್ಧ ಶತಮಾನವೇ ಕಳೆದಿದೆ. ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ, ರಾತ್ರಿ ಪಾಳಿಯವರಿಗೆ ವಾಹನ, ವಾರ್ಡಿನ ಬಾಗಿಲಲ್ಲಿ ಒಬ್ಬ ಕಾವಲುಗಾರ, ಇವಿಷ್ಟೂ ಇಲ್ಲದ ಆಸ್ಪತ್ರೆಗಳು ನಮ್ಮ ಸುತ್ತಮುತ್ತ ಇನ್ನೂ ಇವೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕಾನೂನು 2009ರಲ್ಲೇ ಬಂದಿದೆ. ರೋಗಿ ಸತ್ತಾಗ ಗುಂಪುಗೂಡಿ ಬಂದು ದಾದಿಯ ಮೇಲೆ ಕೈಯೆತ್ತುವವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಈ ಸಭೆಯಲ್ಲಿಯೇ ಹೇಳಬೇಕಾಗಿದೆ. ವೈದ್ಯರು ಕೋಣೆಯೊಳಗಿರುತ್ತಾರೆ, ಮಾಲಕರು ಊರಿನಲ್ಲೇ ಇರುವುದಿಲ್ಲ, ಸಿಕ್ಕುವವಳು ದಾದಿ.

ಈಗ ಮನೆಯ ಕಡೆ ಬರೋಣ. ನಮ್ಮ ಮನೆಯ ಹೆಂಗಸರನ್ನು ಆಸ್ಪತ್ರೆಗೆ ಸೇರಿಸಿದಾಗ ನಾವು ಮೊದಲು ಕೇಳುವುದೇನು? ಹೆರಿಗೆಗೆ ಮಹಿಳಾ ವೈದ್ಯೆ ಇದ್ದಾರೆಯೇ, ಇಂಜೆಕ್ಷನ್ ಕೊಡಲು ಮಹಿಳಾ ದಾದಿ ಇದ್ದಾಳೆಯೇ ಎಂದು. ನ್ಯಾಯವಾದ ಬೇಡಿಕೆ. ಆದರೆ ಆ ದಾದಿ ಯಾರ ಮನೆಯ ಮಗಳಾಗಿರಬೇಕು? ಹಿಂದೆ ಶರೀರವನ್ನು ಮುಟ್ಟುವ ಕೆಲಸವೆಂದು ಮೇಲ್ಜಾತಿಯವರೂ ನಾವೂ ಈ ವೃತ್ತಿಯಿಂದ ದೂರವುಳಿದೆವು. ಕ್ರೈಸ್ತ ಹೆಣ್ಣುಮಕ್ಕಳು ಅದನ್ನು ಹೆಗಲಿಗೇರಿಸಿಕೊಂಡರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮುಸ್ಲಿಮರ ನಡುವೆಯೇ 1906ರಿಂದ ನಡೆಯುತ್ತಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ನಮ್ಮ ಎಷ್ಟು ಅಜ್ಜಿಯಂದಿರ ಹೆರಿಗೆಗಳಾಗಿವೆಯೋ ಲೆಕ್ಕವಿಲ್ಲ. ಈಗ ಕಾಲ ಬದಲಾಗಿದೆ. ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ, ಕಣಚೂರಿನಂತಹ ಸಂಸ್ಥೆಗಳಲ್ಲಿ ನರ್ಸಿಂಗ್ ಕಾಲೇಜುಗಳಿವೆ, ನಮ್ಮ ಹೆಣ್ಣುಮಕ್ಕಳು ಕಲಿಯುತ್ತಿದ್ದಾರೆ.

ನಮ್ಮ ಭಾಷಣಕಾರರು ಈ ಸಂದರ್ಭದಲ್ಲಿ ಮದೀನಾದ ರುಫೈದಾ(ರ)ರನ್ನು ತಪ್ಪದೆ ಸ್ಮರಿಸುತ್ತಾರೆ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಆರೈಕೆಗಾಗಿ ಅವರ ಡೇರೆಗೆ ಒಯ್ಯಲಾಗಿತ್ತು ಎಂಬುದು ಚರಿತ್ರೆ. ನಿಜವೇ. ಆದರೆ ವೇದಿಕೆಯಲ್ಲಿ ರುಫೈದಾರನ್ನು ಹೊಗಳಿ, ಮನೆಗೆ ಹೋಗಿ 'ನರ್ಸ್ ಹುಡುಗಿಯೇ? ರಾತ್ರಿ ಡ್ಯೂಟಿಯವಳೇ? ಬೇಡ' ಎಂದು ಸಂಬಂಧ ತಿರಸ್ಕರಿಸುವುದು ಆಸ್ಪತ್ರೆಯವರು ಮೇ 12ರ ದಾದಿಯರ ದಿನದಂದು 'ಬಿಳಿಯುಡುಗೆಯ ದೇವತೆ' ಎಂದು ಕೇಕು ಕತ್ತರಿಸಿ ಮರುದಿನ ಎರಡು ಪಾಳಿ ಒಟ್ಟಿಗೆ ಮಾಡಿಸುವುದಕ್ಕೆ ಸಮಾನವಲ್ಲವೇ? ಹೊಗಳಿಕೆಗೆ ಖರ್ಚಿಲ್ಲ.

ದಾದಿಯಾದ ಮಗಳ ಮೇಲೆ ಆಸ್ಪತ್ರೆಯ ಭಾರದೊಂದಿಗೆ ಮನೆಯ ಭಾರವೂ ಬೀಳುತ್ತದೆ. ಬೆಳಿಗ್ಗೆ ಎಂಟಕ್ಕೆ ಪಾಳಿ ಮುಗಿಸಿ ಒಂಬತ್ತೂವರೆಗೆ ಮನೆ ತಲುಪಿದ ಸೊಸೆ ಹನ್ನೊಂದಕ್ಕೆ ಅಡುಗೆಮನೆಯಲ್ಲಿರಬೇಕು. ಹಗಲು ಮಲಗುವವಳು ಸೋಮಾರಿ. ತಿಂಗಳಿಗೆ ಹತ್ತು ರಾತ್ರಿ ಹೊರಗಿರುವವಳ ಬಗ್ಗೆ ನೆರೆಯವರ ಬಾಯಿ ಸುಮ್ಮನಿರುವುದಿಲ್ಲ. ಮಗು ಹುಟ್ಟಿದ ಮೇಲಂತೂ ಪ್ರಶ್ನೆಯೇ ಇಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಾಗಿದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವೂ ಬಂದಿದೆ. ಆ ಕೇಂದ್ರ ಎಲ್ಲಿದೆಯೆಂದು ಕೇಳಿದ ತಂದೆಯಾಗಲಿ ಗಂಡನಾಗಲಿ ನಮಗೆ ಇದುವರೆಗೆ ಕಂಡಿಲ್ಲ. ಕೇಳುವುದು ಅವಳೊಬ್ಬಳದೇ ಕೆಲಸ ಎಂದು ಬಿಡಲಾಗುತ್ತದೆ. ಅವಳು ಕೇಳದೆ ಕೆಲಸ ಬಿಡುತ್ತಾಳೆ. ಆಸ್ಪತ್ರೆಯಲ್ಲಿ ಆರಂಭವಾದ ಯೋಚನೆ ಹೀಗೆ ಮನೆಯಲ್ಲಿ ನಿರ್ಧಾರವಾಗುತ್ತದೆ.

ಉಡುಪಿನ ಪ್ರಶ್ನೆಯನ್ನೂ ಕೆಲವು ತಾಯಂದಿರು ಎತ್ತಿದ್ದಾರೆ. 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಶಿರವಸ್ತ್ರದ ವಿಷಯದಲ್ಲಿ ನಡೆದುದನ್ನು ಕಂಡವರಿಗೆ ಈ ಭಯ ಸಹಜ. ಆಸ್ಪತ್ರೆಯಲ್ಲಿ ವಿಷಯ ಸ್ವಲ್ಪ ಬೇರೆ. ರೋಗಾಣು ಹರಡದಿರಲು ರೋಗಿಯನ್ನು ಮುಟ್ಟುವಾಗ ಮೊಣಕೈಯ ಕೆಳಗೆ ಬಟ್ಟೆ, ಬಳೆ, ಗಡಿಯಾರ ಇರಬಾರದೆಂಬ ನಿಯಮ ಹಲವೆಡೆ ಇದೆ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲೂ ಇದೇ ನಿಯಮ ಬಂದಾಗ ಅಲ್ಲಿನ ಮುಸ್ಲಿಮ್ ಸಿಬ್ಬಂದಿ ಪ್ರಶ್ನಿಸಿದರು. 2010ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಗಿ, ಒಮ್ಮೆ ಬಳಸಿ ಬಿಸಾಡುವ ತೋಳುಚೀಲಗಳಿಗೆ ಅವಕಾಶ ದೊರೆಯಿತು. ಕುಳಿತು ಮಾತನಾಡಿದರೆ ಬಗೆಹರಿಯುವಂಥದ್ದು ಎಂಬುದಕ್ಕಾಗಿ ಹೇಳಿದೆವು. ಈ ಒಂದೇ ಕಾರಣಕ್ಕೆ ನಾಲ್ಕು ವರ್ಷದ ಓದನ್ನು ಎಸೆಯಬೇಕಾಗಿಲ್ಲ.

ಕೊಲ್ಲಿಗೆ ಹೋಗುವ ವಿಷಯದಲ್ಲಿ ಎಚ್ಚರಿಕೆ ಅಗತ್ಯ. 2014ರಲ್ಲಿ ಇರಾಕಿನ ತಿಕ್ರಿತ್ ನಗರದಲ್ಲಿ ಯುದ್ಧದ ನಡುವೆ ಸಿಲುಕಿದ 46 ಭಾರತೀಯ ದಾದಿಯರು ಜುಲೈ 5ರಂದು ಕೊಚ್ಚಿಗೆ ಮರಳಿದಾಗ ದೇಶ ನಿಟ್ಟುಸಿರು ಬಿಟ್ಟಿತು. ಅವರಲ್ಲಿ ಹಲವರು ದಳ್ಳಾಳಿಗಳಿಗೆ ಕೊಟ್ಟ ಹಣದ ಸಾಲ ತೀರಿಸಲೆಂದೇ ಅಪಾಯದ ನಡುವೆ ಉಳಿದಿದ್ದರು. ಮರು ವರ್ಷ ಕೇಂದ್ರ ಸರಕಾರ, ವಲಸೆ ತಪಾಸಣೆ ಕಡ್ಡಾಯವಿರುವ 18 ದೇಶಗಳಿಗೆ ದಾದಿಯರ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳ ಮೂಲಕವೇ ಮಾಡಬೇಕೆಂದು ನಿಯಮ ತಂದಿತು. ಮಗಳನ್ನು ಕಳುಹಿಸುವ ಮೊದಲು ದಳ್ಳಾಳಿಯ ಮಾತಿಗಿಂತ ಈ ದಾರಿಯನ್ನು ವಿಚಾರಿಸುವುದು ಮೇಲು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ದಾದಿಯರ ಕೊರತೆಯಿತ್ತು. ಏಳರಲ್ಲಿ ಒಬ್ಬ ದಾದಿ ತಾನು ಹುಟ್ಟಿದ ದೇಶದಲ್ಲಿಲ್ಲ. ಶ್ರೀಮಂತ ದೇಶಗಳು ಕರೆಯುತ್ತಲೇ ಇರುತ್ತವೆ. ನಮ್ಮ ಪ್ರಶ್ನೆಯಿರುವುದು, ಹೋಗಲು ಇಷ್ಟವಿಲ್ಲದವಳೂ ಹೋಗಬೇಕಾದ ಸ್ಥಿತಿಯ ಬಗ್ಗೆ.

ನಾವು ಮಾಡಬಹುದಾದುದೇನು ಎಂದು ಸಂಘಟಕರು ಕೇಳಿದ್ದಾರೆ. ದಾದಿಯೊಬ್ಬಳು ಕೆಲಸ ಬಿಡುವ ಮಾತಾಡುವುದಕ್ಕೂ ರಾಜೀನಾಮೆ ಕೊಡುವುದಕ್ಕೂ ನಡುವೆ ಬಹುತೇಕ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅಂತರವಿರುತ್ತದೆ. ನಾವು ಕೈಹಾಕಬಹುದಾದ ಜಾಗ ಅದು. ಮಗಳು 'ಬಿಡುತ್ತೇನೆ' ಎಂದಾಗ 'ಬಿಡು' ಎನ್ನುವುದೂ 'ಸಹಿಸಿಕೋ' ಎನ್ನುವುದೂ ಎರಡೂ ಅವಸರದ ಉತ್ತರಗಳು. ರಾತ್ರಿ ಎಷ್ಟು ರೋಗಿಗಳಿರುತ್ತಾರೆ ಎಂದು ಮೊದಲು ಕೇಳಿ. ಊಟಕ್ಕೆ ಬಿಡುವಿದೆಯೇ, ವಾರದ ರಜೆ ಸಿಗುತ್ತದೆಯೇ, ಬಸ್ಸು ನಿಲ್ದಾಣದಿಂದ ಯಾರ ಜೊತೆ ಬರುತ್ತಾಳೆ, ಕಿರುಕುಳ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಬಿಡಬೇಕಾದ ಆಸ್ಪತ್ರೆಗಳೂ ಇವೆ. ಆಸ್ಪತ್ರೆಯನ್ನು ಬಿಡುವುದು ಬೇರೆ, ವೃತ್ತಿಯನ್ನೇ ಬಿಡುವುದು ಬೇರೆ. ಮನೆಯವರು ಕೇಳದಿದ್ದರೆ ಮೊದಲನೆಯದು ಎರಡನೆಯದಾಗಿ ಮುಗಿಯುತ್ತದೆ.

ಕೆಲಸಕ್ಕೆ ಸೇರುವಾಗ ತಂದೆಯೋ ಅಣ್ಣನೋ ಜೊತೆಗೆ ಹೋಗುವುದುಂಟು. ಹಾಸ್ಟೆಲಿನ ಗೇಟು ನೋಡಿ ಬರುತ್ತಾರೆ. ಇನ್ನು ಮುಂದೆ ನೇಮಕಾತಿ ಪತ್ರವನ್ನೂ ಓದಿ ಬರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಲಿಖಿತ ನೇಮಕಾತಿ ಪತ್ರ ಕಡ್ಡಾಯ. ಸಂಬಳ, ಪಾಳಿ, ರಜೆ, ಭವಿಷ್ಯನಿಧಿ ಅದರಲ್ಲಿರಬೇಕು. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಕೊಡಬಾರದು, ಪ್ರತಿಗಳನ್ನು ಕೊಟ್ಟರೆ ಸಾಕು. ಬಾಂಡಿಗೆ ಸಹಿ ಹಾಕುವ ಮೊದಲು ವಕೀಲರಿಗೊಮ್ಮೆ ತೋರಿಸಬೇಕು.

ಈ ಸಭೆಯಲ್ಲಿ ನರ್ಸಿಂಗ್ ಹೋಮ್ ನಡೆಸುವ, ಅದರಲ್ಲಿ ಪಾಲು ಹೊಂದಿರುವ ಸಹೋದರರೂ ಇದ್ದಾರೆಂದು ತಿಳಿಯಿತು. ಅವರಿಗೊಂದು ವಿನಂತಿ. ಹೊಸ ಯಂತ್ರಕ್ಕೆ ಬ್ಯಾಂಕಿನಿಂದ ಸಾಲ ತರುವ ಮೊದಲು ತಮ್ಮ ರಾತ್ರಿ ಪಾಳಿಯ ಹಾಜರಿ ಪುಸ್ತಕವನ್ನು ತೆರೆದು, ಹಾಸಿಗೆಗಳ ಸಂಖ್ಯೆಯನ್ನು ದಾದಿಯರ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಬಂದ ಅಂಕೆಯನ್ನು ತಮ್ಮ ಆಸ್ಪತ್ರೆಯ ಹೊರಗೋಡೆಯಲ್ಲಿ, ವೈದ್ಯರ ಹೆಸರು ಪದವಿಗಳಿರುವ ಫಲಕದ ಪಕ್ಕದಲ್ಲಿ ಬರೆಸಲು ಧೈರ್ಯವಿದೆಯೇ ಎಂದು ಯೋಚಿಸಬೇಕು.

ಪ್ರಶ್ನೆಗಳಿಗೆ ಸಮಯವಿದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಇಲ್ಲಿರುವ ದಾದಿಯರೇ ಮೊದಲು ಮಾತನಾಡಬೇಕೆಂದು ಕೋರುತ್ತೇವೆ.